ದೋಣಿ ಆಟದ ರಾಗ, ಮೂರನೇ ಸಲ

ದೋಣಿ ಆಟದ ರಾಗವನ್ನು ನಾನು ಒಟ್ಟು ಇಪ್ಪತ್ತೆರಡು ಸಲ ಕಟ್ಟಿದ್ದೇನೆ. ಹೊರಗಿನವರಿಗೆ ಕಳಿಸಿದ್ದು ಮೂರು ಸಲ ಮಾತ್ರ. ನಾಲ್ಕನೇ ಸಲ ಕಳಿಸುವಂತಿರಲಿಲ್ಲ.

ಹಳೆಯ ವಿಡಿಯೊ ಗೇಮುಗಳ ಸಂಗೀತವನ್ನು ತಮಗೆ ಬೇಕಾದ ಹಾಗೆ ಹೊಸದಾಗಿ ಕಟ್ಟುವ ಹವ್ಯಾಸಿಗಳ ಒಂದು ಗುಂಪು ಅಂತರ್ಜಾಲದಲ್ಲಿದೆ. ಬೇರೆ ಬೇರೆ ದೇಶದವರು, ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ವರ್ಷಕ್ಕೊಮ್ಮೆ ಆಯ್ದ ರಿಮಿಕ್ಸುಗಳ ಒಂದು ಸಂಕಲನ ಹೊರತರುತ್ತಾರೆ. ಕಳಿಸಿದ ಪ್ರತಿಯೊಂದನ್ನೂ ಮೂವರು ಕೇಳುತ್ತಾರೆ. ಇಬ್ಬರು ಹೌದೆಂದರೆ ಸಂಕಲನಕ್ಕೆ ಸೇರುತ್ತದೆ. ಬೇಡವೆಂದವರು ಯಾಕೆ ಬೇಡ ಎಂದು ಬರೆಯಲೇಬೇಕು. ಅದನ್ನು ಓದಿ, ತಿದ್ದಿ, ಮತ್ತೆ ಕಳಿಸಬಹುದು. ಆದರೆ ಒಬ್ಬರು ಒಂದು ರಾಗವನ್ನು ಮೂರು ಸಲಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ನನಗೆ ಕಳಿಸಬೇಕು ಎನಿಸಿದ್ದು ಆ ಒಂದೇ ರಾಗ. ಅದು ಹೋದರೆ ನನ್ನಲ್ಲಿ ಇನ್ನೊಂದಿರಲಿಲ್ಲ.

ನಾವು ಆಗಲೂ ಈಗಲೂ ಇರುವುದು ತೆಲುಗು ಸೀಮೆಯ ಕುಷಾಯಿಗೂಡದಲ್ಲಿ. ಅಪ್ಪ ಅಲ್ಲಿನ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟೆಸ್ಟಿಂಗ್ ಸೆಕ್ಷನ್ನಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿ ನಿವೃತ್ತರಾದರು. ತಯಾರಾದ ಪೆಟ್ಟಿಗೆಗಳು ಕೊನೆಗೆ ಅವರ ಮೇಜಿಗೆ ಬರುತ್ತಿದ್ದವು. ಮೀಟರಿನ ಮುಳ್ಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲ. ಮನೆಯಲ್ಲೂ ಅದೇ ಅಭ್ಯಾಸ. ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಫ್ಯಾನು, ಯಾವುದು ಕೆಟ್ಟರೂ ತಾವೇ ಬಿಚ್ಚಿ, ಸರಿ ಮಾಡಿ, ಒಂದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ತಾರೀಖು, ದೋಷ, ಮಾಡಿದ ಕೆಲಸ, ಬಾಕಿ ಎಂದು ನಾಲ್ಕು ಕಾಲಮ್ಮುಗಳು. ಬಾಕಿ ಎಂಬ ಕಾಲಮ್ಮಿನಲ್ಲಿ ಏನಾದರೂ ಉಳಿದಿದ್ದರೆ ಅದು ಮುಗಿದ ದಿನ ಅದರ ಮೇಲೆ ಗೆರೆ ಎಳೆಯುತ್ತಿದ್ದರು.

ನಾನು ಮೂರನೇ ಕ್ಲಾಸು, ಅಣ್ಣ ಏಳನೇ ಕ್ಲಾಸು ಇದ್ದಾಗ ಮನೆಗೆ ಟಿವಿ ಗೇಮಿನ ಡಬ್ಬಿ ಬಂತು. ಅದರ ಜೊತೆ ಹಳದಿ ಬಣ್ಣದ ಒಂದೇ ಒಂದು ಕ್ಯಾಸೆಟ್ಟು. ಮೇಲಿನ ಚೀಟಿಯಲ್ಲಿ ಎಂಬತ್ತು ಆಟ ಎಂದು ಬರೆದಿತ್ತು. ನಾನು ಎಣಿಸಿದ ಪ್ರಕಾರ ಬೇರೆ ಬೇರೆ ಆಟ ಇದ್ದದ್ದು ಹನ್ನೊಂದು; ಉಳಿದವು ಅವೇ, ಹೆಸರು ಮಾತ್ರ ಬೇರೆ. ಹದಿನಾಲ್ಕನೆಯದು ದೋಣಿಯ ಆಟ. ಅದರ ನಿಜವಾದ ಹೆಸರು ತೆರೆಯ ಮೇಲೆ ಎಲ್ಲೂ ಬರುತ್ತಿರಲಿಲ್ಲ. ಪುಟ್ಟ ದೋಣಿಯೊಂದು ನದಿಯಲ್ಲಿ ಹೋಗುತ್ತದೆ, ದಡದ ದೀಪಗಳನ್ನು ಒಂದೊಂದಾಗಿ ಹತ್ತಿಸುತ್ತದೆ. ನಡುವೆ ಸೇತುವೆಗಳು. ಸೇತುವೆಯ ಬಾಗಿಲು ತೆರೆದು ಮುಚ್ಚುವುದರೊಳಗೆ ನುಸುಳಬೇಕು. ಆಟದುದ್ದಕ್ಕೂ ಒಂದು ರಾಗ. ಮೊದಲ ನಾಲ್ಕು ಸ್ವರ ಮೆಟ್ಟಿಲು ಹತ್ತಿದ ಹಾಗೆ ಏರುತ್ತವೆ, ಐದನೆಯದು ಒಂದು ಮೆಟ್ಟಿಲು ಕೆಳಗಿಳಿದು ಅಲ್ಲೇ ನಿಂತು ಕಾಯುತ್ತದೆ. ಕೆಳಗೆ ಯಾರೋ ಮರದ ಹಲಗೆ ತಟ್ಟಿದಂಥ ತಾಳ.

ಡಬ್ಬಿ ಬಂದ ಎರಡು ವಾರದೊಳಗೆ ಅದು ಕಪಾಟಿನಿಂದ ಕೆಳಗೆ ಬಿತ್ತು. ಬೀಳಿಸಿದ್ದು ಯಾರು ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ಅಪ್ಪ ಒಂದು ಭಾನುವಾರ ಅದನ್ನು ಬಿಚ್ಚಿ ಕುಳಿತರು. ಸಂಜೆ ಹೊತ್ತಿಗೆ ಡಬ್ಬಿಗೆ ಜೀವ ಬಂತು. ಟಿವಿಯ ಹಿಂದಿನ ಒಂದು ತಿರುಪನ್ನು ತಿರುಗಿಸಿ, ಉರುಳುತ್ತಿದ್ದ ಚಿತ್ರವನ್ನೂ ನಿಲ್ಲಿಸಿದರು. ಬಣ್ಣ ಮಾತ್ರ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ನದಿ ಬೂದು, ದೀಪ ಬಿಳಿ, ದೋಣಿ ಕಪ್ಪು. ನಾವು ಅದಕ್ಕೆ ಒಗ್ಗಿಕೊಂಡೆವು.

ಬೀಳಿಸಿದ್ದು ಯಾರು ಎಂಬ ಜಗಳ ಆಮೇಲೆ ಗೆದ್ದದ್ದು ಯಾರು ಎಂಬ ಜಗಳವಾಯಿತು. ಅಪ್ಪ ಕಾರ್ಖಾನೆಯ ಹಳೆಯ ನೋಟ್‌ಬುಕ್ಕೊಂದನ್ನು ನನ್ನ ಕೈಗಿಟ್ಟು, "ಬರದಿಡ್ರಿ. ಬರದಿಟ್ರ ಜಗಳ ಕಡಿಮಿ ಆಗ್ತಾವ" ಎಂದರು. ಜಗಳ ಕಡಿಮೆಯಾಗಲಿಲ್ಲ. ಅಣ್ಣ ನನಗೆ "ಲೆಕ್ಕದ ಅಜ್ಜಿ" ಎಂದು ಹೆಸರಿಟ್ಟ. ಆದರೆ ನನಗೆ ಬರೆಯುವ ಚಟ ಹತ್ತಿತು. ಆ ನೋಟ್‌ಬುಕ್ಕಿನಲ್ಲಿ ಎರಡು ವರ್ಷದ ಪ್ರತಿ ಆಟವೂ ಇದೆ. ಮೂರನೇ ಸೇತುವೆ ದಾಟಿದ್ದು ನಾನು ನೂರಾ ಹನ್ನೆರಡು ಸಲ, ಅಣ್ಣ ತೊಂಬತ್ತೇಳು ಸಲ.

ಇನ್ನೊಂದು ಪುಟವೂ ಇದೆ. ಎರಡು ಗಲ್ಲಿ ಆಚೆ ಒಂದು ತೆಲುಗು ಮನೆಯಲ್ಲಿ ನನ್ನ ಕ್ಲಾಸಿನ ಹುಡುಗಿಯ ಹತ್ತಿರ ಅದೇ ಡಬ್ಬಿ, ಅದೇ ಆಟ ಇತ್ತು, ಬಣ್ಣದ್ದು. ಮಧ್ಯಾಹ್ನ ಅವರ ಅಜ್ಜಿ ಮಲಗಿರುತ್ತಿದ್ದರಿಂದ ಟಿವಿಯ ಸದ್ದು ಅಡಗಿಸಿ ಆಡುತ್ತಿದ್ದೆವು. ಅಲ್ಲಿ ನಾನು ಆಡಿದ್ದು ಹನ್ನೊಂದು ಆಟ, ಮೂರನೇ ಸೇತುವೆ ದಾಟಿದ್ದು ಸೊನ್ನೆ. ಪಕ್ಕದಲ್ಲಿ ನಾನು ಬರೆದ ಕಾರಣ: "ಅವರ ಬಟನ್ ಸಡಿಲ." ಆ ಹುಡುಗಿ ಒಮ್ಮೆ ನಮ್ಮ ಮನೆಗೆ ಬಂದು ಆಡಿ, ಒಂದೇ ಏಟಿಗೆ ಐದು ಸೇತುವೆ ದಾಟಿ, "ಮೀ ಗೇಮ್ ನಿದ್ರಪೋತೋಂದಿ" ಎಂದಳು. ನಿಮ್ಮ ಗೇಮು ನಿದ್ದೆ ಮಾಡುತ್ತಿದೆ ಎಂದು. ಬಣ್ಣವಿಲ್ಲದ್ದಕ್ಕೆ ಹಾಗೆ ಅಂದಳು ಎಂದುಕೊಂಡು ಒಂದು ವಾರ ಅವಳ ಜೊತೆ ಮಾತು ಬಿಟ್ಟೆ.

ರಾಗದ ಒಂದು ತುಣುಕು ಮಾತ್ರ ಉಳಿದಿತ್ತು. ಅವ್ವನ ಮೊಬೈಲಿಗೆ ರಿಂಗ್‌ಟೋನ್ ಮಾಡಬೇಕೆಂದು ಅಣ್ಣ ಅದನ್ನು ಟಿವಿಯ ಮುಂದೆ ಹಿಡಿದು ರೆಕಾರ್ಡ್ ಮಾಡಿದ್ದ. ಮೂವತ್ತೆಂಟು ಸೆಕೆಂಡು. ಅದರಲ್ಲಿ ರಾಗದ ಜೊತೆ ಬಟನ್ನಿನ ಟಕಟಕ ಇದೆ, ಅಡಿಗೆಮನೆಯಿಂದ ಅವ್ವ ರೊಟ್ಟಿ ಬಡಿಯುವ ಸದ್ದಿದೆ, ಕೊನೆಗೆ "ಏ, ಸದ್ದ ಮಾಡಬ್ಯಾಡ" ಎನ್ನುವ ಅಣ್ಣನ ದನಿ ಇದೆ. ಡಬ್ಬಿ ಎಂದೋ ಗುಜರಿಗೆ ಹೋಯಿತು. ಮೊಬೈಲು ಹೋಯಿತು. ಆ ತುಣುಕು ಮಾತ್ರ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟುತ್ತ ನನ್ನ ಲ್ಯಾಪ್‌ಟಾಪಿನವರೆಗೆ ಬಂತು.

ನಾನು ಈಗ ಮಾದಾಪುರದ ಒಂದು ಕಚೇರಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಅಪ್ಪನ ಕೆಲಸವೇ, ಮುಳ್ಳಿಲ್ಲ ಅಷ್ಟೆ. ಹಬ್ಸಿಗುಡದವರೆಗೆ ಸ್ಕೂಟರು, ಅಲ್ಲಿಂದ ಮೆಟ್ರೊ. ಭಾನುವಾರ ಬೆಳಿಗ್ಗೆ ರಾಗವನ್ನು ಕಟ್ಟುವುದು, ಸೋಮವಾರ ಮೆಟ್ರೊದಲ್ಲಿ ಇಯರ್‌ಫೋನ್ ಹಾಕಿ ಕೇಳುವುದು, ತಪ್ಪುಗಳನ್ನು ನಂಬರು ಹಾಕಿ ಬರೆಯುವುದು, ಮುಂದಿನ ಭಾನುವಾರ ತಿದ್ದುವುದು. ಒಂಬತ್ತನೇ ರೂಪ ತೃಪ್ತಿ ಕೊಟ್ಟಿತು. ಮಾರ್ಚ್ ತಿಂಗಳ ಎರಡನೇ ಭಾನುವಾರ ಕಳಿಸಿದೆ.

ಇಪ್ಪತ್ತು ದಿನಕ್ಕೆ ಉತ್ತರ ಬಂತು. ಮೂವರೂ ಬೇಡ ಎಂದಿದ್ದರು.

ಮೊದಲನೆಯವರು, ಸ್ವರಗಳು ಒಂದರ ಮೇಲೊಂದು ಬಿದ್ದು ಮಸುಕಾಗಿವೆ ಎಂದಿದ್ದರು. ಅದು ನಿಜ. ಎರಡನೆಯವರು, ಬ್ಯಾಟರಿ ಇಳಿದ ಟೇಪ್ ರೆಕಾರ್ಡರ್ ಕೇಳಿದ ಹಾಗಾಯಿತು ಎಂದಿದ್ದರು. ಮೂರನೆಯವರ ಪ್ರಶ್ನೆ ಇನ್ನೂ ವಿಚಿತ್ರವಾಗಿತ್ತು: "ಈ ಆಟ ನನಗೆ ಗೊತ್ತು. ನಿಮ್ಮದು ಮೂಲಕ್ಕಿಂತ ಅರ್ಧ ಸ್ವರ ಕೆಳಗಿದೆ, ನಿಧಾನವೂ ಇದೆ. ಬೇಕೆಂದೇ ಹಾಗೆ ಮಾಡಿದ್ದೀರಾ?"

ಅಣ್ಣ ನಾಚಾರಂನಲ್ಲಿ ಪ್ಯಾಕಿಂಗ್ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದಾನೆ, ಮನೆಯೂ ಅಲ್ಲೇ. ಫೋನಿನಲ್ಲಿ ಓದಿ ಹೇಳಿದೆ.

"ಅರ್ಧ ಸ್ವರ ಅಂದ್ರ ಎಷ್ಟು?"

"ಸಾಕಷ್ಟು."

"ಅವರ ಕಿವಿ ತೊಳಕೊಳ್ಳಾಕ ಹೇಳು. ಎರಡು ವರ್ಷ ದಿನಾ ಕೇಳಿದ್ದು ನಾವು. ಅವರೇನು ನಮ್ಮನ್ಯಾಗ ಇದ್ರೇನ?"

ನನಗೂ ಅದೇ ಅನಿಸಿತು. ನನ್ನ ಹತ್ತಿರ ಸಾಕ್ಷಿಯಿತ್ತು. ಮೂವತ್ತೆಂಟು ಸೆಕೆಂಡಿನ ತುಣುಕಿನ ಪಕ್ಕದಲ್ಲಿ ನನ್ನ ರಿಮಿಕ್ಸನ್ನು ಇಟ್ಟು ನೋಡಿದೆ. ಒಂದು ಕೂದಲೆಳೆ ವ್ಯತ್ಯಾಸವಿರಲಿಲ್ಲ. ನಿಧಾನ ಎನಿಸುವುದು ರಾಗ ಬರಿದಾಗಿರುವುದರಿಂದ ಎಂದು ತೀರ್ಮಾನಿಸಿ, ಡ್ರಮ್ಸ್ ಹಾಕಿದೆ, ಗಿಟಾರ್ ಹಾಕಿದೆ, ಮೇಲೊಂದು ಕೊಳಲು ಓಡಿಸಿದೆ. ಸ್ವರಗಳನ್ನು ಬಿಡಿಸಿ ಮಸುಕು ತೆಗೆದೆ. ಹದಿನಾರನೇ ರೂಪವನ್ನು ಮೇ ತಿಂಗಳಲ್ಲಿ ಕಳಿಸಿದೆ.

ಈ ಸಲ ಒಂದು ಹೌದು, ಎರಡು ಬೇಡ. ಹೌದೆಂದವರು ಹೀಗೆ ಬರೆದಿದ್ದರು: "ನಿಧಾನ ಇರುವುದು ತಪ್ಪಲ್ಲ. ಆದರೆ ಅದು ನಿಮಗೆ ಗೊತ್ತಿದೆಯೋ ಇಲ್ಲವೋ ಎಂಬುದು ಕೇಳುವವರಿಗೆ ಗೊತ್ತಾಗುವುದಿಲ್ಲ. ಡ್ರಮ್ಸ್ ಹಾಕಿ ಏನನ್ನೋ ಮುಚ್ಚುತ್ತಿದ್ದೀರಿ." ಬೇಡವೆಂದವರಲ್ಲಿ ಒಬ್ಬರು, ಅರ್ಧ ಸ್ವರದ ಬಗ್ಗೆ ಕೇಳಿದ್ದವರೇ ಇರಬೇಕು, ಏನನ್ನೂ ವಾದಿಸದೆ ಒಂದು ವಿಡಿಯೊದ ಕೊಂಡಿ ಮಾತ್ರ ಕಳಿಸಿದ್ದರು. ಆಟದ ಹೆಸರೂ ಅದರಲ್ಲಿತ್ತು.

ತೆರೆದೆ. ಅದೇ ದೋಣಿ. ನದಿ ಹಸಿರು ಮಿಶ್ರಿತ ನೀಲಿ. ದೀಪ ಕಿತ್ತಳೆ. ರಾಗ ಶುರುವಾದಾಗ ಯಾರೋ ನಮ್ಮ ದೋಣಿಯನ್ನು ಹಿಂದಿನಿಂದ ತಳ್ಳುತ್ತಿರುವಂತೆ ಇತ್ತು. ಐದನೇ ಸ್ವರ ನಿಂತು ಕಾಯಬೇಕಾದಲ್ಲಿ ಕಾಯುತ್ತಿರಲಿಲ್ಲ.

ಅಳೆದೆ. ಅವರದು ನಿಮಿಷಕ್ಕೆ ನೂರೈವತ್ತು ತಾಳ, ನಮ್ಮದು ನೂರಾ ನಲವತ್ತೊಂದು. ಅವರದನ್ನು ನೂರಕ್ಕೆ ಆರರಷ್ಟು ನಿಧಾನ ಮಾಡಿದೆ. ಶ್ರುತಿ ತಾನಾಗಿ ಅರ್ಧ ಸ್ವರ ಇಳಿಯಿತು, ನಮ್ಮ ತುಣುಕಿನ ಮೇಲೆ ಹೊದಿಸಿದಂತೆ ಕೂತಿತು. ಅಂದರೆ ತಪ್ಪು ಅವರ ಕಿವಿಯದಲ್ಲ, ನನ್ನ ಕಿವಿಯದೂ ಅಲ್ಲ. ತಪ್ಪು ನಮ್ಮ ಡಬ್ಬಿಯದು.

ಅಪ್ಪ ಪಡಸಾಲೆಯಲ್ಲಿ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿಕೊಂಡು ಕೂತಿದ್ದರು. ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ ಎರಡನ್ನೂ ಕೇಳಿಸಿದೆ.

"ಅಪ್ಪಾ, ನಮ್ಮ ಡಬ್ಬಿ ನೂರಕ್ಕ ಆರು ನಿಧಾನ ಓಡತಿತ್ತು. ಯಾಕಿರಬೇಕ್ರಿ?"

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ಎಷ್ಟಂದಿ?"

"ಆರು."

ತುಟಿಯಲ್ಲೇ ಏನೋ ಭಾಗಾಕಾರ ಮಾಡಿದರು. ಮುಖ ಸಪ್ಪಗಾಯಿತು. ಎದ್ದು ಹೋಗಿ ಸ್ಟೀಲ್ ಬೀರುವಿನ ಕೆಳಗಿನ ಖಾನೆಯಿಂದ ರಿಜಿಸ್ಟರುಗಳನ್ನು ಹೊರತೆಗೆದರು. ನಾಲ್ಕನೆಯದರಲ್ಲಿ ಸಿಕ್ಕಿತು. "ಟಿವಿ ಗೇಮ್. ಬಿದ್ದು ಕ್ರಿಸ್ಟಲ್ ಒಡೆದಿದೆ. ೨೬.೬ ಸಿಗಲಿಲ್ಲ. ಇದ್ದ ೨೫ ಹಾಕಿದೆ. ನಡೆಯುತ್ತದೆ. ಬಣ್ಣ ಇಲ್ಲ." ಬಾಕಿ ಕಾಲಮ್ಮಿನಲ್ಲಿ: "೨೬.೬ ಹಾಕಬೇಕು."

ಅಂಥ ಡಬ್ಬಿಗಳೊಳಗೆ ಕಡಲೆಕಾಳಿಗಿಂತ ತುಸು ದೊಡ್ಡದಾದ ಒಂದು ತಗಡಿನ ಗುಂಡಿ ಇರುತ್ತದೆ. ಅದಕ್ಕೆ ಕ್ರಿಸ್ಟಲ್ ಎನ್ನುತ್ತಾರೆ. ಅದು ಮಿಡಿದ ಹಾಗೆ ಇಡೀ ಡಬ್ಬಿ ನಡೆಯುತ್ತದೆ. ಅದರ ಮೇಲೆ ಬರೆದ ಸಂಖ್ಯೆ ಕಡಿಮೆಯಾದರೆ ದೋಣಿ ನಿಧಾನ, ಸೇತುವೆಯ ಬಾಗಿಲು ನಿಧಾನ, ರಾಗ ನಿಧಾನ. ಬಣ್ಣದ ಸಂಜ್ಞೆಯೂ ಅದರಿಂದಲೇ ಹುಟ್ಟಬೇಕು. ಸಂಖ್ಯೆ ತಪ್ಪಿದರೆ ಟಿವಿ ಅದನ್ನು ಗುರುತಿಸುವುದಿಲ್ಲ. ನನ್ನ ನೂರಾ ಹನ್ನೆರಡು ಗೆಲುವು, ತೆಲುಗು ಮನೆಯ ಸೊನ್ನೆ, ಆ ಹುಡುಗಿಯ ಮಾತು, ಎಲ್ಲಕ್ಕೂ ಆ ಗುಂಡಿಯೇ ಕಾರಣ. ಅವರ ಬಟನ್ ಸಡಿಲ ಇರಲೇ ಇಲ್ಲ.

ನನಗೆ ನಗು ಬಂತು. ಅಪ್ಪನಿಗೆ ಬರಲಿಲ್ಲ.

"ಸೆಕ್ಷನ್ನಿನ್ಯಾಗ ನೂರಕ್ಕ ಒಂದು ಆಚೀಚಿ ಆದ್ರ ವಾಪಸ್ ಕಳಸತಿದ್ದೆ. ಮನ್ಯಾಗ ಆರು ಬಿಟ್ಟೀನಿ ನೋಡು."

"ಅಪ್ಪಾ, ಆಟ ಅದು. ಯಾರ ಪ್ರಾಣ ಹೋಗಿಲ್ಲ."

"ಎರಡು ಸಲ ಫೇಲ್ ಆದಿ. ಯಾರಿಂದ? ನನ್ನಿಂದ."

ಅವ್ವ ಅಡಿಗೆಮನೆಯಿಂದ ಬಗ್ಗಿ ನೋಡಿದಳು. "ಏನ್ರಿ, ಫ್ಯಾನ್ ಬಿಟ್ಟು ಹಳೇ ರಿಜಿಸ್ಟರ್ ಹರವಿಕೊಂಡು ಕುಂತೀರಿ? ಸೆಖಿಗೆ ಸಾಯಾಕತ್ತೀವಿ ಇಲ್ಲಿ."

"ಸುಮ್ಕಿರು, ದೊಡ್ಡ ತಪ್ಪಾಗೇತಿ" ಎಂದರು ಅಪ್ಪ.

"ಫ್ಯಾನ್ ಸುಟ್ಟೀರೇನು?"

ಅಪ್ಪ ನನ್ನ ಕಡೆ ತಿರುಗಿ, ಈಗ ಖಾತ್ರಿ ಲೆಕ್ಕ ಸಿಕ್ಕಿತಲ್ಲ, ಸರಿಯಾದ ವೇಗಕ್ಕೆ ಕಟ್ಟಿ ಕಳಿಸು ಎಂದರು. ಒಂದೇ ಅವಕಾಶ ಉಳಿದಿದೆ, ಅದನ್ನು ತನ್ನ ತಪ್ಪಿನ ಮೇಲೆ ಖರ್ಚು ಮಾಡಬೇಡ ಎಂದರು. ನಾನು ಆಗಲಿ ಎಂದೆ. ನನಗೂ ಸಂಕಲನಕ್ಕೆ ಸೇರಬೇಕಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮೂರು ಭಾನುವಾರದಲ್ಲಿ ಹತ್ತೊಂಬತ್ತನೇ ರೂಪ ಸಿದ್ಧವಾಯಿತು. ನೂರೈವತ್ತು ತಾಳ, ಶ್ರುತಿ ಮೂಲದಂತೆ. ಎಲ್ಲ ಸ್ವಚ್ಛ. ಗುಂಪಿನ ನಿಯಮಗಳ ಪಟ್ಟಿ ಇಟ್ಟುಕೊಂಡು ಒಂದೊಂದೇ ಟಿಕ್ ಹಾಕಿದೆ. ಎರಡು ಹೌದು ಖಂಡಿತ, ಮೂರೂ ಬಂದರೆ ಆಶ್ಚರ್ಯವಿಲ್ಲ ಎಂದು ಡೈರಿಯಲ್ಲಿ ಬರೆದೆ. ಆ ಭಾನುವಾರ ಅಣ್ಣ ಊಟಕ್ಕೆ ಬಂದಿದ್ದ. ತಟ್ಟೆಯ ಮುಂದೆ ಕೂತಿರುವಾಗ ಕೇಳಿಸಿದೆ.

ಅಣ್ಣ ತುತ್ತು ಹಿಡಿದುಕೊಂಡೇ ಕೇಳಿದ. "ಚಲೋ ಐತಿ" ಎಂದ. ಆಮೇಲೆ, "ಆದ್ರ ಇದು ಆ ತೆಲುಗು ಮನಿ ಗೇಮ್ ಆತಲ್ಲ, ನಮ್ಮದಲ್ಲ" ಎಂದ.

ಅವ್ವ ಹಂಚಿನ ಮುಂದಿನಿಂದಲೇ, "ಓಡಾಕತ್ತದ ಅದು. ಯಾರು ಬೆನ್ನ ಹತ್ಯಾರ?" ಎಂದಳು.

ಅಪ್ಪ ಮಾತ್ರ, "ಲೆಕ್ಕಕ್ಕ ಸರಿ ಐತಿ. ಕಳಸು" ಎಂದರು.

ಊಟವಾದ ಮೇಲೆ ಕಳಿಸಲು ಕೂತೆ. ಅರ್ಜಿಯಲ್ಲಿ ಈ ರಾಗಕ್ಕೂ ನಿಮಗೂ ಇರುವ ಸಂಬಂಧ ಎಂಬ ಒಂದು ಸಾಲಿದೆ. ಎರಡು ಸಲವೂ "ಬಾಲ್ಯದ ಆಟ" ಎಂದಷ್ಟೇ ತುಂಬಿಸಿದ್ದೆ. ಈ ಸಲ ಡಬ್ಬಿ ರಿಪೇರಿಯಾದ ವಿಷಯ ಹಾಕೋಣ, ನನ್ನ ಪುಸ್ತಕದಲ್ಲಿ ಅದರ ಬಗ್ಗೆ ಏನಿದೆ ನೋಡೋಣ ಎಂದು ಹಳೆಯ ನೋಟ್‌ಬುಕ್ ತೆಗೆದೆ. ರಿಪೇರಿ ಎಂಬ ಮಾತು ಒಂದೇ ಕಡೆ ಸಿಕ್ಕಿತು. ಆದರೆ ಅದು ಡಬ್ಬಿ ಬಿದ್ದ ಸಮಯದ್ದಲ್ಲ. ಮೂರು ತಿಂಗಳ ನಂತರದ್ದು, ದಸರಾ ರಜೆಯದು.

ಪೆನ್ಸಿಲಿನ ದುಂಡಕ್ಷರ: "ಡಬ್ಬಿ ಕೆಟ್ಟಿತು. ಬಣ್ಣ ಬಂತು. ದೋಣಿ ಹುಚ್ಚು ಹಿಡಿದ ಹಾಗೆ ಓಡುತ್ತದೆ. ನಾನು ೬ ಆಟ ೬ ಸೋಲು. ಅಣ್ಣ ೫ ಆಟ ೫ ಸೋಲು. ಸಂಜೆ ಅಪ್ಪ ರಿಪೇರಿ ಮಾಡಿದರು. ಈಗ ಸರಿ ಇದೆ."

ನಾಲ್ಕು ಸಲ ಓದಿದೆ. ನೋಟ್‌ಬುಕ್ಕನ್ನು ಹಾಗೇ ತೆರೆದು ಅಪ್ಪನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ತಾರೀಖು ನೋಡಿ, ಬೀರುವಿನ ಕಡೆ ಹೋದರು. ಹೋದ ಸಲ ಅವರು ಮೊದಲ ನಮೂದನ್ನು ಓದಿದವರೇ ರಿಜಿಸ್ಟರು ಮುಚ್ಚಿಬಿಟ್ಟಿದ್ದರು. ಈಗ ಪುಟ ಮಗುಚುತ್ತ ಹೋದರು. ದಸರೆಯ ಆ ದಿನ ಅಲ್ಲಿತ್ತು.

"ಟಿವಿ ಗೇಮ್. ಕೋಠಿ ಬಜಾರಿನಲ್ಲಿ ೨೬.೬ ಸಿಕ್ಕಿತು. ಹಾಕಿದೆ. ಬಣ್ಣ ಸರಿ, ವೇಗ ಸರಿ. ಮಕ್ಕಳು ಬೇಡವೆಂದು ಅತ್ತರು. ತೆಗೆದು ೨೫ ಹಾಕಿದೆ." ಬಾಕಿ ಕಾಲಮ್ಮಿನಲ್ಲಿ: "ಮಕ್ಕಳು ದೊಡ್ಡವರಾದ ಮೇಲೆ ನೋಡುವುದು." ಆ ಸಾಲಿನ ಪಕ್ಕದಲ್ಲಿ ಕಾಗದದ ಸಣ್ಣ ಪೊಟ್ಟಣ ಅಂಟಿಸಿತ್ತು. ಒಳಗೆ ಕ್ರಿಸ್ಟಲ್. ಕಾಲುಗಳಿಗೆ ಬೆಸುಗೆಯ ಹನಿ ಇನ್ನೂ ಹಾಗೇ ಇತ್ತು.

ಅಪ್ಪ ಅದನ್ನು ಅಂಗೈಯಲ್ಲಿ ಹಾಕಿಕೊಂಡು ಬೆಳಕಿಗೆ ಹಿಡಿದರು. "ಮರತಽ ಬಿಟ್ಟಿದ್ನಲ್ಲ ಇದನ್ನ" ಎಂದರು.

"ನೀವು ಸರಿ ಮಾಡಿದ್ರಿ ಅಪ್ಪಾ. ನಾವು ಬ್ಯಾಡಂದ್ವಿ."

"ಹೌದು. ಭಾಳ ಅತ್ರಿ." ನೆನಪು ಅವರಿಗೆ ಒಂದೊಂದಾಗಿ ಬರುತ್ತಿತ್ತು. "'ನಮ್ಮ ದೋಣಿ ಕೊಡ್ರಿ' ಅಂತ ನೆಲಕ್ಕ ಬಿದ್ದು ಹೊಳ್ಳಾಡಿದ್ರಿ."

ಅಣ್ಣ ಇನ್ನೂ ಹೊರಟಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಹೊಳ್ಳಾಡಿದ್ದು ಇಕಿ. ನಾ ಅಲ್ಲ" ಎಂದ.

"ರಿಜಿಸ್ಟರ್ನ್ಯಾಗ 'ಮಕ್ಕಳು' ಅಂತ ಐತಿ. ಒಬ್ಬರು ಅಂತ ಇಲ್ಲ" ಎಂದೆ.

"ನಿನ್ನ ಲೆಕ್ಕಕ್ಕ ಬೆಂಕಿ ಹಚ್ಚ. ಲೆಕ್ಕದ ಅಜ್ಜಿ!"

ಆ ದಿನ ಹತ್ತೊಂಬತ್ತನೇ ರೂಪವನ್ನು ಕಳಿಸಲಿಲ್ಲ. ಬಣ್ಣದ ನದಿ, ಸರಿಯಾದ ವೇಗ, ಎಲ್ಲ ನಮ್ಮ ಮನೆಗೆ ಒಂದು ಮಧ್ಯಾಹ್ನ ಬಂದಿದ್ದವು. ಮೂರನೇ ಕ್ಲಾಸಿನ ನಾನು ಅದನ್ನು ಕೆಟ್ಟಿದ್ದು ಎಂದು ಬರೆದು, ಅದು ಹೋದದ್ದನ್ನು ರಿಪೇರಿ ಎಂದು ಬರೆದಿದ್ದೆ. ಟೆಸ್ಟಿಂಗ್ ಮಾಡಿ ಜೀವನ ಮಾಡುವವರಿಗೆ ಇಷ್ಟು ದೊಡ್ಡ ತಪ್ಪು ವರದಿ ಇನ್ನೊಂದಿರಲಿಕ್ಕಿಲ್ಲ. ಆದರೆ ಕೊಂಡಿಯಲ್ಲಿದ್ದ ಹಸಿರು ನದಿಗಾಗಿ ನನ್ನ ಮನಸ್ಸು ಯಾಕೆ ಮಿಡಿಯಲಿಲ್ಲ ಎಂಬುದನ್ನು ಆ ತಪ್ಪು ವರದಿಯೇ ಹೇಳುತ್ತಿತ್ತು. ಎರಡನೇ ಸುತ್ತಿನಲ್ಲಿ ಹೌದೆಂದವರ ಮಾತು ಈಗ ತಿಳಿಯಿತು. ನಿಧಾನ ಎಂಬುದು ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಅದು ಕೇಳುವವರಿಗೂ ಗೊತ್ತಾಗಬೇಕಿತ್ತು.

ಡ್ರಮ್ಸ್ ತೆಗೆದೆ. ಗಿಟಾರ್ ತೆಗೆದೆ. ಕೊಳಲನ್ನು ತೆಗೆಯುವಾಗ ಸ್ವಲ್ಪ ಬೇಸರವಾಯಿತು, ಅದಕ್ಕೆ ನಾಲ್ಕು ಭಾನುವಾರ ಹಿಡಿದಿತ್ತು. ತಾಳಕ್ಕೆ ಅವ್ವನ ರೊಟ್ಟಿ ಬೇಕೆನಿಸಿತು. ಹಳೆಯ ತುಣುಕಿನಲ್ಲಿ ಅದು ತೀರ ದೂರದಲ್ಲಿತ್ತು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ರೆಕಾರ್ಡ್ ಮಾಡಲು ನಿಂತೆ. ಅವ್ವನ ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನೂರಾ ನಲವತ್ತೊಂದರ ರಾಗ ಹಾಕಿದೆ.

"ಇದಕ್ಕ ಹೊಂದಿಸಿ ಬಡಿ ಅವ್ವಾ."

"ರೊಟ್ಟಿ ನಾ ಹಾಡಿಗೆ ಹೊಂದಿಸಿ ಬಡೀಬೇಕೇನು? ಹಾಡಽ ನನ್ನ ರೊಟ್ಟಿಗೆ ಹೊಂದ್ಲಿ" ಎಂದಳು. ಬಡಿದಳು. ಮೂರು ರೊಟ್ಟಿ ಹೋಯಿತು. ನಾಲ್ಕನೆಯದರಲ್ಲಿ ಕೈ ತಾನಾಗಿ ರಾಗದ ಜೊತೆ ಸೇರಿಕೊಂಡಿತು, ಅವಳಿಗೆ ಗೊತ್ತೇ ಆಗಲಿಲ್ಲ. ಪರೀಕ್ಷೆಗೆಂದು ನೂರೈವತ್ತಕ್ಕೆ ಏರಿಸಿದೆ. "ಏ ತಗಿ ಇದನ್ನ, ರೊಟ್ಟಿ ಹರೀತದ" ಎಂದು ಹಿಟ್ಟಿನ ಕೈಯಲ್ಲೇ ಇಯರ್‌ಫೋನ್ ಕಿತ್ತು ಕೊಟ್ಟಳು. ಆ ಮಾತೂ ರೆಕಾರ್ಡ್ ಆಗಿತ್ತು.

ಇಪ್ಪತ್ತೆರಡನೇ ರೂಪದ ಕ್ರಮವನ್ನು ರಿಜಿಸ್ಟರಿನಿಂದಲೇ ತೆಗೆದುಕೊಂಡೆ. ಮೊದಲು ಹಳೆಯ ತುಣುಕಿನಿಂದ ಬಟನ್ನಿನ ಟಕಟಕ. ಆಮೇಲೆ ನಿಧಾನ ರಾಗ, ಒಂದೇ ವಾದ್ಯ, ಕೆಳಗೆ ರೊಟ್ಟಿ. ಮಧ್ಯದಲ್ಲಿ ಹದಿನಾರು ಆವರ್ತ ಮಾತ್ರ ರಾಗ ಸರಿಯಾದ ವೇಗಕ್ಕೂ ಶ್ರುತಿಗೂ ಏರುತ್ತದೆ, ಎಲ್ಲ ವಾದ್ಯಗಳೂ ಬರುತ್ತವೆ, ಎಲ್ಲ ಬಣ್ಣಗಳೂ. ಆಗ "ಏ ತಗಿ ಇದನ್ನ" ಎಂಬ ಅವ್ವನ ದನಿ. ಎಲ್ಲ ನಿಲ್ಲುತ್ತದೆ. ಒಂದು ಉಸಿರು ಬಿಟ್ಟು ನಿಧಾನ ರಾಗ ಮತ್ತೆ ಬರುತ್ತದೆ, ಐದನೇ ಸ್ವರದಲ್ಲಿ ನಿಂತು ಕಾಯುತ್ತದೆ.

ಅಪ್ಪನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ನಡಕ ಬರೂದು ಸರಿ. ಹೊಳ್ಳಿ ಹೋಗೂದು ತಪ್ಪು" ಎಂದರು.

"ನಾವು ಹಂಗಽ ಮಾಡಿದ್ವಿ ಅಪ್ಪಾ."

"ಮಾಡಿದ್ರಿ. ಆದ್ರ ಕಡೀ ಸಲ ಐತಿ ಇದು. ಅವರು ಒಪ್ಪದಿದ್ರ?"

"ಒಪ್ಪದಿದ್ರ ಇಲ್ಲ."

ಹೇಳಿದ್ದು ಧೈರ್ಯದಿಂದ. ಆದರೆ ಹತ್ತೊಂಬತ್ತು ಮತ್ತು ಇಪ್ಪತ್ತೆರಡು, ಎರಡೂ ಕಡತಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಸುಮಾರು ಒಂದು ಗಂಟೆ ಕೂತಿದ್ದೆ. ಹತ್ತೊಂಬತ್ತು ಕಳಿಸಿದರೆ ಸಂಕಲನಕ್ಕೆ ಸೇರುವುದು ಅಣ್ಣ ಕಂಡುಹಿಡಿದ ಹಾಗೆ ತೆಲುಗು ಮನೆಯ ಗೇಮು. ಕೊನೆಗೆ ಇಪ್ಪತ್ತೆರಡನ್ನು ಕಳಿಸಿದೆ. ಸಂಬಂಧದ ಸಾಲಿನಲ್ಲಿ ಅಪ್ಪನ ಎರಡು ನಮೂದುಗಳನ್ನೂ ನನ್ನ ಒಂದು ನಮೂದನ್ನೂ ಇಂಗ್ಲಿಷಿಗೆ ಇಳಿಸಿ ಬರೆದೆ. ಬೇರೆ ವಿವರಣೆ ಕೊಡಲಿಲ್ಲ.

ಕಾದದ್ದು ಇಪ್ಪತ್ತಾರು ದಿನ. ಮೊದಲ ಎರಡು ಸಲಕ್ಕಿಂತ ಹೆಚ್ಚು. ಅಷ್ಟರಲ್ಲಿ ಅಪ್ಪ ಹದಿನೇಳು ಸಲ "ಬಂತೇನು?" ಎಂದು ಕೇಳಿದ್ದರು. ಒಂದು ಶುಕ್ರವಾರ ಸಂಜೆ, ಮೆಟ್ರೊ ತಾರ್ನಾಕ ದಾಟುತ್ತಿರುವಾಗ ಉತ್ತರ ಬಂತು. ಎರಡು ಹೌದು, ಒಂದು ಬೇಡ. ಹಬ್ಸಿಗುಡದಲ್ಲಿ ಇಳಿಯುವುದನ್ನು ಮರೆತು ಮುಂದಿನ ನಿಲ್ದಾಣದಿಂದ ವಾಪಸ್ ಬಂದೆ.

ಅಪ್ಪ ಬಾಗಿಲಲ್ಲೇ ಇದ್ದರು. ಹೇಳಿದೆ. ಅವ್ವ "ಅಂದ್ರ ನನ್ನ ರೊಟ್ಟಿ ಪಾಸಾತು" ಎಂದಳು. ಅಪ್ಪ ಹೌದೆಂದ ಇಬ್ಬರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ಆ ಮೂರನೇದಾಂವ ಏನಂದ?"

ಓದಿದೆ. ಬೇಡವೆಂದವರು ಹೀಗೆ ಬರೆದಿದ್ದರು: "ಚೆನ್ನಾಗಿದೆ. ಆದರೆ ರಾಗ ಸರಿಯಾದ ವೇಗಕ್ಕೆ ಬಂದ ಮೇಲೆ ಅಲ್ಲೇ ಇರಬೇಕಿತ್ತು. ಯಾಕೆ ವಾಪಸ್ ಹೋದಿರಿ ಎಂದು ನಿಮ್ಮ ಟಿಪ್ಪಣಿ ಓದಿದರೆ ತಿಳಿಯುತ್ತದೆ, ಕೇಳಿದರೆ ತಿಳಿಯುವುದಿಲ್ಲ."

"ಇನ್ನೊಮ್ಮೆ ಓದು" ಎಂದರು. ಓದಿದೆ. ತಲೆಯಾಡಿಸಿದರು.

"ಅಂವ ಹೇಳೂದು ಖರೆ ಐತಿ. ಅಂವನೂ ಟೆಸ್ಟಿಂಗ್ ಸೆಕ್ಷನ್ನಿನ್ಯಾಗ ಕೆಲಸ ಮಾಡಿರಬೇಕು ನೋಡು."

ಆಮೇಲೆ ನಾಲ್ಕನೇ ರಿಜಿಸ್ಟರು ತೆಗೆದರು. ದಸರೆಯ ಪುಟ ಬಿಡಿಸಿ, ಬಾಕಿ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಕೂತರು. "ಮಕ್ಕಳು ದೊಡ್ಡವರಾದ ಮೇಲೆ ನೋಡುವುದು" ಎಂಬ ಸಾಲಿನ ಮೇಲೆ ಗೆರೆ ಎಳೆಯುತ್ತಾರೆ ಎಂದುಕೊಂಡೆ. ಎಳೆಯಲಿಲ್ಲ. ಕೆಳಗೆ ಆ ದಿನದ ತಾರೀಖು ಹಾಕಿ, "ನೋಡಲಾಯಿತು. ಹಾಗೇ ಇರಲಿ ಎಂದಿದ್ದಾರೆ. ಇಬ್ಬರು ಹೌದು, ಇಬ್ಬರು ಬೇಡ" ಎಂದು ಬರೆದರು.

"ಅಪ್ಪಾ, ಬ್ಯಾಡ ಅಂದಾಂವ ಒಬ್ಬನ."

"ನಾನೂ ಒಬ್ಬ" ಎಂದರು. ಕ್ರಿಸ್ಟಲ್ಲನ್ನು ಪೊಟ್ಟಣಕ್ಕೆ ಹಾಕಿ, ಬಾಯಿ ಮಡಚಿ, ರಿಜಿಸ್ಟರು ಮುಚ್ಚಿದರು. ನಾನು ಒಳಗೆ ಹೋಗಿ ನನ್ನ ಪುಸ್ತಕದಲ್ಲೂ ಅದನ್ನೇ ಬರೆದೆ: ಹೌದು ೨, ಬೇಡ ೨.